ಕಾಮನ ಹುಣ್ಣಿಮೆ: ಹಳ್ಳಿಯ ಬೀದಿಯಿಂದ ಮಹಾನಗರದ ಅಂಗಳಕ್ಕೆ

(5ರಿಂದ 8ನೆಯ ತರಗತಿಯ ಭಾಷೆ, ಸಮಾಜ ಮತ್ತು ವಿಜ್ಞಾನ ಪಾಠಗಳಿಗೆ ಪೂರಕ)

ಪೀಠಿಕೆ

ಫಾಲ್ಗುಣ ಮಾಸದ ಹುಣ್ಣಿಮೆಗೆ ಕನ್ನಡದಲ್ಲಿ ಕಾಮನ ಹುಣ್ಣಿಮೆ, ಹೋಳಿ ಹುಣ್ಣಿಮೆ, ಕಾಮನ ಹಬ್ಬ ಎಂಬ ಹೆಸರುಗಳುಂಟು. ಇದಾದ ಹದಿನೈದು ದಿನಗಳಿಗೆ ಯುಗಾದಿ. ತಮಿಳುನಾಡು ಸರ್ಕಾರದ ರಜಾದಿನಗಳ ಪಟ್ಟಿಯಲ್ಲಿ ಯುಗಾದಿಯು ತೆಲುಗು ಹೊಸ ವರ್ಷದ ದಿನವೆಂಬ ಹೆಸರಿನಿಂದ ಕಾಣಿಸಿಕೊಳ್ಳುತ್ತದೆ. ಕನ್ನಡ ಮನೆಗಳಲ್ಲಿಯೂ ಅಂದೇ ಬೇವುಬೆಲ್ಲ ಹಂಚುತ್ತಾರೆಂಬುದು ಆ ಹೆಸರಿನಿಂದ ತಿಳಿಯುವುದಿಲ್ಲ. ಹೋಳಿಗಾದರೋ ಆ ಪಟ್ಟಿಯಲ್ಲಿ ಸ್ಥಳವೇ ಇಲ್ಲ. ಆದುದರಿಂದ ಈ ಪಾಠವು ಸಾಮಾನ್ಯವಾಗಿ ಶಾಲೆ ನಡೆಯುವ ದಿನವೇ, ಅದೂ ಪರೀಕ್ಷೆಗಳ ನಡುವೆ, ಬರುತ್ತದೆ. ದೂರದರ್ಶನದಲ್ಲಿ ಮಹಾನಗರಗಳ ಬಣ್ಣದಾಟವನ್ನು ಕಂಡ ಮಗುವು 'ನಮ್ಮೂರಲ್ಲಿ ಯಾಕೆ ಇಲ್ಲ ಟೀಚರ್?' ಎಂದು ಕೇಳುವುದು ಸಹಜ. 'ಅದು ಉತ್ತರದವರ ಹಬ್ಬ' ಎಂದು ಹೇಳಿ ಮುಗಿಸುವ ರೂಢಿಯಿದೆ. ಈ ಉತ್ತರವು ಅರ್ಧ ಮಾತ್ರ ಸರಿ.

ಒಂದು ಹುಣ್ಣಿಮೆ, ಎರಡು ನಾಡು

ತಮಿಳಿನ ಪಂಗುನಿ ಎಂಬ ತಿಂಗಳ ಹೆಸರು ಫಾಲ್ಗುಣದ್ದೇ ರೂಪಾಂತರ. ತೇನಿ, ಕಂಬಂ, ದಿಂಡಿಗಲ್ ಕಡೆಯ ಮಕ್ಕಳಿಗೆ ಪಂಗುನಿ ಉತ್ತಿರವು ಚೆನ್ನಾಗಿ ಗೊತ್ತು. ಅಂದು ಪಳನಿಯ ಬೆಟ್ಟಕ್ಕೆ ಭಕ್ತರು ಕೊಡುಮುಡಿಯಿಂದ ಕಾವೇರಿಯ ತೀರ್ಥವನ್ನು ಕಾವಡಿಯಲ್ಲಿ ಹೊತ್ತು ತರುತ್ತಾರೆ. ಉತ್ತಿರವೆಂದರೆ ಉತ್ತರ ಫಲ್ಗುಣಿ ನಕ್ಷತ್ರ. 2024ರ ಮಾರ್ಚ್ ತಿಂಗಳಲ್ಲಿ ಕಾಮನ ಹುಣ್ಣಿಮೆಯೂ ಪಂಗುನಿ ಉತ್ತಿರವೂ ಒಂದೇ ಹುಣ್ಣಿಮೆಯನ್ನು ಹಿಡಿದು ಬಂದವು. ಪ್ರತಿ ವರ್ಷವೂ ಹೀಗಾಗುವುದಿಲ್ಲ: ಚಾಂದ್ರಮಾನದ ಹುಣ್ಣಿಮೆಯು ಕೆಲವು ವರ್ಷ ಸೌರಮಾನದ ಮಾಸಿ ತಿಂಗಳಿನಲ್ಲಿಯೇ ಬಿದ್ದುಬಿಡುತ್ತದೆ. ಎರಡು ಪಂಚಾಂಗಗಳ ವ್ಯತ್ಯಾಸವನ್ನು ಕಲಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ದೊರೆಯದು.

ಕಥೆಯೂ ಬೇರೆಯಲ್ಲ. ತಪಸ್ಸಿನಲ್ಲಿದ್ದ ಶಿವನ ಮೇಲೆ ಮನ್ಮಥನು ಹೂಬಾಣ ಬಿಟ್ಟು ಹಣೆಗಣ್ಣಿನ ಉರಿಗೆ ಬೂದಿಯಾದನು, ರತಿಯು ಗೋಳಾಡಿದಳು, ಮುಂದೆ ಗಿರಿಜೆಯ ಮದುವೆ ನಡೆಯಿತು. ಕನ್ನಡ ನಾಡಿನಲ್ಲಿ ಕಾಮದಹನವು ಹಬ್ಬವಾಯಿತು. ತಮಿಳುನಾಡಿನಲ್ಲಿ ಶಿವಪಾರ್ವತಿಯರ ಕಲ್ಯಾಣವು ಪಂಗುನಿ ಉತ್ತಿರದ ಕಥೆಗಳಲ್ಲೊಂದಾಯಿತು. ಕಾಮದಹನವು ತಮಿಳರಿಗೂ ಹೊಸತಲ್ಲ. ತಂಜಾವೂರು ಸೀಮೆಯ ಕಾಮನ್ ಪಂಡಿಗೈಯಲ್ಲಿ ಲಾವಣಿಕಾರರು ಎರಡು ಪಕ್ಷವಾಗಿ ನಿಂತು, ಕಾಮನು ಸುಟ್ಟನೆಂದು ಒಬ್ಬರೂ ಸುಡಲಿಲ್ಲವೆಂದು ಇನ್ನೊಬ್ಬರೂ ಹಾಡಿನಲ್ಲಿಯೇ ವಾದಿಸುತ್ತಾರೆ. ಉತ್ತರ ಕರ್ನಾಟಕದ ಹರದೇಶಿ ನಾಗೇಶಿ ಗೀಗೀ ಮೇಳಗಳ ಸವಾಲು ಜವಾಬನ್ನು ಬಲ್ಲ ಶಿಕ್ಷಕರಿಗೆ ಇದರ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ.

ಕನ್ನಡ ಸಾಹಿತ್ಯದಲ್ಲಿಯೂ ಈ ಎರಡು ಪಕ್ಷಗಳಿವೆಯೆಂಬುದನ್ನು ಮೇಲಿನ ತರಗತಿಯ ಮಕ್ಕಳಿಗೆ ತಿಳಿಸಬಹುದು. ಹರಿಹರನ ಗಿರಿಜಾಕಲ್ಯಾಣದಲ್ಲಿ ಕಾಮನು ಸುಟ್ಟು ಹೋಗುತ್ತಾನೆ. ಅವನ ನಂತರ ಬಂದ ಆಂಡಯ್ಯನ ಕಬ್ಬಿಗರ ಕಾವದಲ್ಲಿ ಗೆಲುವು ಕಾಮನದು. ಸಂಸ್ಕೃತದ ತತ್ಸಮ ಪದಗಳನ್ನು ದೂರವಿಟ್ಟು ರಚಿಸಿದ ಕಾವ್ಯವದು. ತನಿತ್ತಮಿಳಿನ ಚರ್ಚೆಯನ್ನು ದಿನವೂ ಕೇಳುವ ನಾಡಿನಲ್ಲಿ ಬೆಳೆಯುವ ಕನ್ನಡ ಮಗುವಿಗೆ, ಹದಿಮೂರನೆಯ ಶತಮಾನದಲ್ಲಿಯೇ ಕನ್ನಡ ಕವಿಯೊಬ್ಬನು ಅಂಥ ಹಟ ತೊಟ್ಟಿದ್ದನೆಂಬ ಸಂಗತಿಯು ಕುತೂಹಲ ಹುಟ್ಟಿಸದಿರದು.

ಹಳೆಯ ಹಬ್ಬ ಎಲ್ಲರದಾಗಿತ್ತೇ?

ಹಬ್ಬದ ಹಿಂದಿನ ದಿನಗಳಲ್ಲಿ ಹುಡುಗರು ಹಲಗೆ ಬಾರಿಸುತ್ತ ಮನೆಮನೆಗೆ ಹೋಗಿ ಕಟ್ಟಿಗೆ, ಕುಳ್ಳು ಬೇಡುವುದು, ಕೊಡದವರ ಹಿತ್ತಿಲಿನಿಂದ ಕದಿಯುವುದು, ಕಾಮಣ್ಣನ ಮೂರ್ತಿಯನ್ನು ಕೂರಿಸಿ ಹುಣ್ಣಿಮೆಗೆ ಸುಡುವುದು, ಮರುದಿನ ಓಕುಳಿ: ಇದು ಸಾಮಾನ್ಯ ಕ್ರಮ. ನವಲಗುಂದದ ರಾಮಲಿಂಗ ಕಾಮಣ್ಣನಿಗೆ ಹರಕೆ ಹೊರುವವರಿದ್ದಾರೆ. ಬಾಗಲಕೋಟೆಯಲ್ಲಿ ಬಣ್ಣದಾಟವು ಹಲವು ದಿನ ನಡೆಯುತ್ತದೆ. ಪೀಪಾಯಿಗಳಲ್ಲಿ ಬಣ್ಣ ತುಂಬಿದ ಬಂಡಿಗಳು ಬೀದಿಬೀದಿ ಸುತ್ತುತ್ತವೆ. ಹುಬ್ಬಳ್ಳಿಯಲ್ಲಿ ಐದನೆಯ ದಿನದ ರಂಗಪಂಚಮಿಗೆ ಹೆಚ್ಚು ಮಹತ್ವ.

ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ಆದರೆ ಆ ಹಬ್ಬದಲ್ಲಿ ಬಾಯಿ ಬಡಿದುಕೊಳ್ಳುವುದು, ಹೆಸರು ಹಿಡಿದು ಬೈಯುವುದು, ಅಶ್ಲೀಲ ಪದ ಹಾಡುವುದು ಸಹ ಒಪ್ಪಿತವಾಗಿದ್ದವು. ಹಬ್ಬವು ಗಂಡಸರದು, ಹೆಣ್ಣುಮಕ್ಕಳು ಬಾಗಿಲು ಹಾಕಿಕೊಂಡು ಒಳಗಿರಬೇಕಾಗಿತ್ತು. ಇದನ್ನು ಮುಚ್ಚಿಟ್ಟು 'ಹಿಂದಿನ ಹಬ್ಬವೇ ಚೆನ್ನ, ನಗರದವರು ಕೆಡಿಸಿದರು' ಎಂದು ಕಲಿಸುವುದು ನ್ಯಾಯವಲ್ಲ. ಬೆಂಗಳೂರಿನ ವಸತಿ ಸಮುಚ್ಚಯಗಳಲ್ಲಿ ಇಂದು ನಡೆಯುವ ಹೋಳಿಯು ಹಲವು ರಾಜ್ಯಗಳ ಕುಟುಂಬಗಳು ಸೇರಿ ರೂಪಿಸಿದ ಹೊಸ ಆಚರಣೆ. ತಾಯಿ, ಮಗಳು, ಅಜ್ಜಿ ಅಂಗಳಕ್ಕೆ ಬಂದು ಬಣ್ಣವಾಡುವುದು, ಚಿಕ್ಕ ಮಕ್ಕಳಿಗೆ ಬೇರೆ ಹೊತ್ತು ಗೊತ್ತುಮಾಡುವುದು, ಒಣ ಬಣ್ಣವನ್ನಷ್ಟೇ ತರಬೇಕೆಂದು ಕಟ್ಟುಮಾಡುವುದು ಅಲ್ಲಿ ಸಾಧ್ಯವಾಗಿದೆ. ಇದು ಲಾಭವೇ ಸರಿ. ಅದೇ ನಗರದಲ್ಲಿ ಟಿಕೆಟ್ಟು ಮಾರಿ, ಕೃತಕ ಮಳೆ ಸುರಿಸಿ, ಕಿವಿಗಡಚಿಕ್ಕುವ ಸಂಗೀತದೊಂದಿಗೆ ನಡೆಸುವ ಕೂಟಗಳನ್ನು ಮಾತ್ರ ಕುಟುಂಬದ ಹಬ್ಬವೆನ್ನಲಾಗದು. ಚೆನ್ನೈನ ಸೌಕಾರ್‌ಪೇಟೆಯಲ್ಲಿ ಉತ್ತರದಿಂದ ಬಂದು ನೆಲೆಸಿದ ವ್ಯಾಪಾರಿ ಕುಟುಂಬಗಳು ಆಡುವ ಹೋಳಿಯನ್ನೂ ಹೋಲಿಕೆಗೆ ತೆಗೆದುಕೊಳ್ಳಬಹುದು.

ನೀರಿನ ಲೆಕ್ಕ

2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ತೀವ್ರ ನೀರಿನ ಬರ ಬಂದಿತು. ಹೋಳಿಯ ಮುಂಚೆ ಅಲ್ಲಿನ ಜಲಮಂಡಳಿಯು, ಮಳೆನೃತ್ಯ ಹಾಗೂ ಕೊಳದ ಕೂಟಗಳಿಗೆ ಕಾವೇರಿ ನೀರನ್ನಾಗಲಿ ಕೊಳವೆಬಾವಿಯ ನೀರನ್ನಾಗಲಿ ಬಳಸಬಾರದೆಂದು ತಿಳಿಸಿತು. ಕಾವೇರಿಯ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರ, ಮೂರು ಹಂತಗಳಲ್ಲಿ ಎತ್ತರಕ್ಕೆ ಏರಿ ಆ ನಗರವನ್ನು ಮುಟ್ಟುತ್ತದೆ. ಅದೇ ಹುಣ್ಣಿಮೆಯಂದು ಪಳನಿಯ ಹಾದಿಯಲ್ಲಿ ಭಕ್ತರ ಹೆಗಲ ಮೇಲೆ ಬಂದದ್ದೂ ಕಾವೇರಿಯೇ. ಒಂದು ಕಾವಡಿಯ ಕಲಶದಲ್ಲಿ ಎಷ್ಟು ಲೀಟರು, ಮನೆಯ ಒಂದು ಬಕೆಟ್ಟಿನಲ್ಲಿ ಎಷ್ಟು, ಬಣ್ಣ ಬಿಡಿಸಲು ಒಬ್ಬರಿಗೆ ಎಷ್ಟು ಬಕೆಟ್ಟು ಬೇಕು, ಮುನ್ನೂರು ಮನೆಗಳ ಸಮುಚ್ಚಯಕ್ಕೆ ಎಷ್ಟಾಯಿತು ಎಂಬುದನ್ನು ಮಕ್ಕಳೇ ಅಳೆದು ಗುಣಿಸಲಿ. ಕಂಬಂ ಕಣಿವೆಯ ಮಕ್ಕಳಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. 1895ರಲ್ಲಿ ಪೂರ್ಣಗೊಂಡ ಪೆರಿಯಾರ್ ಅಣೆಕಟ್ಟಿನ ನೀರು ಯಾವಾಗ ಬಿಡುತ್ತಾರೆಂಬುದನ್ನು ಅವಲಂಬಿಸಿ ಅವರ ಮನೆಯ ಗದ್ದೆಯ ನಾಟಿ ನಡೆಯುತ್ತದೆ.

ಬಣ್ಣದ ಗುಣ

ಅಗ್ಗದ ಕೆಂಪು ಬಣ್ಣದಲ್ಲಿ ಪಾದರಸದ ಸಂಯುಕ್ತವೂ ಕಪ್ಪಿನಲ್ಲಿ ಸೀಸದ ಸಂಯುಕ್ತವೂ ಇರಬಹುದೆಂದು ಪರಿಸರ ಸಂಘಟನೆಗಳು ಬಹುಕಾಲದಿಂದ ಎಚ್ಚರಿಸುತ್ತ ಬಂದಿವೆ. ಬಟ್ಟೆಗೆ ಹಾಕುವ ಹಸಿರು ಬಣ್ಣ ಮ್ಯಾಲಕೈಟ್ ಗ್ರೀನ್ ಕಣ್ಣಿಗೆ ಬಿದ್ದರೆ ಹೊರಪದರಕ್ಕೆ ಗಾಯವಾಗುತ್ತದೆ. ಪಾದರಸವೆಂದರೆ ಈ ಸೀಮೆಯಲ್ಲಿ ಪುಸ್ತಕದ ಮಾತಲ್ಲ. ಕೊಡೈಕಾನಲ್‌ನಲ್ಲಿದ್ದ ಥರ್ಮಾಮೀಟರ್ ಕಾರ್ಖಾನೆಯ ಪಾದರಸ ಅಂಟಿದ ಒಡಕು ಗಾಜು ಊರಿನ ಗುಜರಿ ಅಂಗಡಿಯಲ್ಲಿ ಪತ್ತೆಯಾಗಿ, 2001ರಲ್ಲಿ ಕಾರ್ಖಾನೆ ಮುಚ್ಚಿತು. ಅಲ್ಲಿ ದುಡಿದವರಿಗೆ ಪರಿಹಾರದ ಒಪ್ಪಂದವಾದದ್ದು 2016ರಲ್ಲಿ. ಕಣ್ಣಿಗೆ ಕಾಣದಷ್ಟು ವಿಷವೂ ದೇಹದಲ್ಲಿ ಉಳಿಯಬಲ್ಲದೆಂಬುದನ್ನು ವಿವರಿಸುವಾಗ ಈ ಉದಾಹರಣೆಯನ್ನು ಭಯ ಹುಟ್ಟಿಸದ ರೀತಿಯಲ್ಲಿ ಹೇಳತಕ್ಕದ್ದು. ಮಕ್ಕಳ ಪೈಕಿ ಯಾರ ಮನೆಯವರಾದರೂ ಅಲ್ಲಿ ದುಡಿದಿರಬಹುದು.

ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ. ಮದುಮಕ್ಕಳಿಗೆ, ಬಾಣಂತಿಗೆ ಆರತಿಯೆತ್ತುವ ಓಕುಳಿ ನೀರು ಇದೇ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಪ್ರತ್ಯಾಮ್ಲದಲ್ಲಿ ಕೆಂಪಾಗಿ, ನಿಂಬೆರಸ ಅಥವಾ ಹುಣಿಸೆ ನೀರು ಬೆರೆತರೆ ಮತ್ತೆ ಹಳದಿಗೆ ತಿರುಗುತ್ತದೆ. ಆಮ್ಲ ಪ್ರತ್ಯಾಮ್ಲಗಳ ಪಾಠಕ್ಕೆ ಲಿಟ್ಮಸ್ ಕಾಗದವಿಲ್ಲದ ಶಾಲೆಯಲ್ಲಿಯೂ ಈ ಪ್ರಯೋಗ ನಡೆಯುತ್ತದೆ. ಒಂದು ಎಚ್ಚರಿಕೆ ಅತ್ಯಗತ್ಯ: ಸುಣ್ಣವು ಕಣ್ಣನ್ನು ಸುಡುತ್ತದೆ. ಮನೆಯ ಪದಾರ್ಥವೆಂಬ ಮಾತ್ರಕ್ಕೆ ನಿರಪಾಯವಲ್ಲ. ಸುಣ್ಣವನ್ನು ಶಿಕ್ಷಕರೇ ಹಾಕಬೇಕು. ಈ ನೀರನ್ನು ಗಾಜಿನ ಲೋಟದಲ್ಲಿ ನೋಡಬೇಕೇ ಹೊರತು ಮುಖಕ್ಕೆ ಎರಚಬಾರದು. ಮೈಗೆ ಹಚ್ಚುವ ಬಣ್ಣಕ್ಕೆ ಅಕ್ಕಿಹಿಟ್ಟಿಗೆ ಬೆರೆಸಿದ ಅರಿಶಿನ, ಬೀಟ್‌ರೂಟಿನ ರಸ, ನೆನೆಸಿದ ಮುತ್ತುಗದ ಹೂವಿನ ಕೇಸರಿ ಸಾಕು. ಮುತ್ತುಗವು ಅರಳುವುದೂ ಈ ಋತುವಿನಲ್ಲಿಯೇ.

ತರಗತಿಯಲ್ಲಿ

ತಾಳವಾಡಿ, ಹೊಸೂರು ಕಡೆಯ ಕನ್ನಡ ಮಾಧ್ಯಮ ಶಾಲೆಗಳ ಸ್ಥಿತಿ ಬೇರೆ. ತೇನಿ, ದಿಂಡಿಗಲ್ ಜಿಲ್ಲೆಗಳ ಕನ್ನಡ ಮನೆಗಳ ಸ್ಥಿತಿ ಬೇರೆ. ಕಂಬಂ ಕಣಿವೆಯ ಕನ್ನಡ ಬೇಸಾಯಗಾರರನ್ನು ಕಪ್ಪಿಲಿಯನ್ ಎಂಬ ಹೆಸರಿನಿಂದ ಥರ್ಸ್ಟನ್ 1909ರ ತನ್ನ ಸಂಪುಟಗಳಲ್ಲಿಯೇ ದಾಖಲಿಸಿದ್ದಾನೆ. ಅಲ್ಲಿ ಕನ್ನಡವು ಬಹುಮಟ್ಟಿಗೆ ಮನೆಯ ನುಡಿಯಾಗಿ ಉಳಿದಿದೆ, ಓದುಬರಹ ತಮಿಳಿನಲ್ಲಿ. ಅಂಥ ಮನೆಯ ಮಗುವು ಶಾಲೆಗೆ ಬಂದರೆ ಅದರ ಮಾತನ್ನು ತಿದ್ದಲು ಆತುರಪಡದೆ, ಹಬ್ಬ, ಬಣ್ಣ, ಬೂದಿ, ಬೆಂಕಿ, ಬೇವುಗಳಿಗೆ ಅದರ ಅಜ್ಜಿ ಬಳಸುವ ಪದಗಳನ್ನು ಕೇಳಿಕೊಂಡು ಬರಲು ಹೇಳಬೇಕು. ಕರಿಹಲಗೆಯ ಮೇಲೆ ಮೂರು ಸಾಲು ಮಾಡಿ ಮನೆಯ ಪದ, ಪುಸ್ತಕದ ಪದ, ತಮಿಳು ಪದಗಳನ್ನು ಅಕ್ಕಪಕ್ಕ ಬರೆಯುವುದು ಉತ್ತಮ. ತಿಂಗಳಿನ ಹೆಸರಿನಿಂದಲೇ ಆರಂಭಿಸಬಹುದು: ಫಾಲ್ಗುಣ, ಪಂಗುನಿ.

ಶಾಲೆಯಲ್ಲಿ ಬಣ್ಣವಾಡಿಸುವುದಾದರೆ ಪರೀಕ್ಷೆಯಿಲ್ಲದ ದಿನ, ಕೊನೆಯ ಅವಧಿಯಲ್ಲಿ, ಪಾಲಕರಿಗೆ ಮೊದಲೇ ತಿಳಿಸಿ ಆಡಿಸತಕ್ಕದ್ದು. ಕೇಳದೆ ಯಾರ ಮೈಗೂ ಬಣ್ಣ ಹಚ್ಚಬಾರದು. ಬೇಡವೆಂದ ಮಗುವಿಗೆ, ಅದು ಯಾವ ಮತದ್ದೇ ಆಗಲಿ, ಕಾರಣ ಕೇಳಬಾರದು. ಬಣ್ಣ ಅರೆಯುವ, ನೀರು ಅಳೆಯುವ, ಲೆಕ್ಕ ಬರೆಯುವ ಕೆಲಸವನ್ನು ಕೊಡಬಹುದು. ದಮ್ಮಿನ ತೊಂದರೆಯಿರುವ ಮಕ್ಕಳನ್ನು ಒಣ ಪುಡಿಯಿಂದ ದೂರವಿರಿಸಬೇಕು. ಉಳಿದ ಬಣ್ಣದ ನೀರನ್ನು ಸುಣ್ಣ ಬೆರೆಯದಿದ್ದರೆ ಶಾಲೆಯ ಗಿಡಗಳ ಬುಡಕ್ಕೆ ಹಾಕಿಸಬಹುದು; ಹದಿನೈದು ದಿನಗಳ ಬಳಿಕ ಯುಗಾದಿಗೆ ಬೇವಿನ ಹೂ ತರಲು ಅದೇ ಮಕ್ಕಳ ಪೈಕಿ ಇಬ್ಬರನ್ನು ಅಂದೇ ಗೊತ್ತುಮಾಡಿಟ್ಟರೆ ಮುಂದಿನ ಪಾಠವನ್ನು ಅಲ್ಲಿಂದ ಎತ್ತಿಕೊಳ್ಳಬಹುದು.