ಆರು ದಿನದ ವಿಧೇಯತೆ

ದೇವರಿಗೆ ವಿಧೇಯರಾಗಿ ಬದುಕುವುದು ದೊಡ್ಡವರ ಕೆಲಸ ಎಂಬ ಮಾತು ನಮ್ಮ ಕಡೆಯ ವಿಶ್ವಾಸಿಗಳಲ್ಲಿ ಬಹಳ ಕೇಳಿಬರುತ್ತದೆ. ಪಾಸ್ಟರು ಉಪವಾಸ ಮಾಡುತ್ತಾರೆ, ಸಿಸ್ಟರುಗಳು ಸೇವೆಗೆಂದೇ ಬದುಕು ಕೊಟ್ಟಿದ್ದಾರೆ, ಕೂಲಿನಾಲಿ ಮಾಡುವ ನಮ್ಮಂಥವರು ಭಾನುವಾರ ಸಭೆಗೆ ಹೋಗಿ ಕೈಲಾದ ಕಾಣಿಕೆ ಹಾಕಿ ಬಂದರೆ ಸಾಕು ಎಂದುಕೊಂಡು ಎಷ್ಟೋ ಜನ ತಮ್ಮನ್ನು ತಾವೇ ಹಿಂದಿನ ಸಾಲಿನಲ್ಲಿ ಕೂರಿಸಿಕೊಂಡಿದ್ದಾರೆ. ಸಿಂಧನೂರು ತಾಲ್ಲೂಕಿನ ಮುಕ್ಕುಂದದಲ್ಲಿ ಹೊಲದ ಕೆಲಸ ಮಾಡಿಕೊಂಡು, ಸಭೆಯ ಹೆಣ್ಣುಮಕ್ಕಳ ಪ್ರಾರ್ಥನಾಕೂಟ ನಡೆಸಿಕೊಂಡು ಬಂದ ನನಗೆ ಬದುಕು ಕಲಿಸಿದ್ದೇ ಬೇರೆ. ದೇವರು ನಮ್ಮಿಂದ ಕೇಳುವ ವಿಧೇಯತೆಯ ಬಹುಪಾಲು ಸೋಮವಾರದಿಂದ ಶನಿವಾರದವರೆಗಿನ ದಿನಗಳಲ್ಲಿದೆ. ಕೂಲಿಯಲ್ಲಿ, ನೀರಿನ ಪಾಳಿಯಲ್ಲಿ, ಲೆಕ್ಕದಲ್ಲಿ, ಮುರಿದ ಸಂಬಂಧವನ್ನು ಸರಿಮಾಡಿಕೊಳ್ಳುವುದರಲ್ಲಿ ಇದೆ.

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಸಿಗುತ್ತದೆ. ಅಲ್ಲಿನ ಬಂಡೆಯ ಮೇಲಿರುವ ಅಶೋಕನ ಶಾಸನ 1915ರಲ್ಲಿ ಬೆಳಕಿಗೆ ಬಂತು. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಖಚಿತವಾದದ್ದು ಅದರಿಂದಲೇ ಎಂದು ಶಾಲೆಯ ಮಕ್ಕಳೆಲ್ಲ ಓದುತ್ತಾರೆ. ಆದರೆ ಆ ಶಾಸನದ ಒಳಗಿರುವ ಮಾತನ್ನು ನೆನೆಯುವವರು ಕಡಿಮೆ. ಈ ಫಲ ದೊಡ್ಡವರಿಗೆ ಮಾತ್ರ ಎಂದು ತಿಳಿಯಬೇಡಿ, ಧರ್ಮದಲ್ಲಿ ನಡೆದರೆ ಸಣ್ಣವನಿಗೂ ಅದು ದಕ್ಕುತ್ತದೆ ಎಂಬುದು ಅದರ ಸಾರ. ನಮ್ಮ ನೆಲದ ಬಂಡೆಯ ಮೇಲೆ 2200ಕ್ಕೂ ಹೆಚ್ಚು ವರ್ಷಗಳಿಂದ ಇಂಥದೊಂದು ಮಾತು ಇದೆ. ಯೇಸುಸ್ವಾಮಿಯೂ ಶಿಷ್ಯರನ್ನು ಆರಿಸಿಕೊಂಡದ್ದು ಬಲೆ ಬೀಸುವವರಲ್ಲಿ, ಸುಂಕದ ಕಟ್ಟೆಯಲ್ಲಿ ಕೂತವನಲ್ಲಿ. ಹೀಗಿರುವಾಗ ನಾವು ಸಣ್ಣವರು ಎಂಬ ನೆಪ ನಮ್ಮಲ್ಲಿ ಉಳಿಯಬಾರದು.

ನಾನು ಇದನ್ನು ಮೊದಲು ಕಲಿತದ್ದು ನಾಟಿಯ ಗುಂಪಿನಲ್ಲಿ. ಮುಂಗಾರಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ನಮ್ಮ ತಾಲ್ಲೂಕಿನಲ್ಲಿ ಹೆಣ್ಣುಮಕ್ಕಳಿಗೆ ಬಿಡುವೆಂಬುದಿಲ್ಲ. ಗುಂಪುಗುಂಪಾಗಿ ಸೇರಿ, ಎಕರೆಗೆ ಇಷ್ಟು ಎಂದು ಗುತ್ತಿಗೆ ಮಾತಾಡಿ, ನೆಲ್ಲು ನಾಟಿ ಮಾಡುತ್ತೇವೆ. ಹೊಲದ ಮಾಲೀಕರ ಹತ್ತಿರ ಮಾತಾಡುವುದು, ರೊಕ್ಕ ಇಸಿದುಕೊಂಡು ಹಂಚುವುದು ಗುಂಪಿನಲ್ಲಿ ಒಬ್ಬರ ಜವಾಬ್ದಾರಿ. ಓದುಬರಹ ಬಲ್ಲೆನೆಂದು ಅದು ನನ್ನ ಪಾಲಿಗೆ ಬಂತು. ಆ ಕೆಲಸ ಹಿಡಿದ ದಿನ ಅವ್ವ ಹೇಳಿದ ಮಾತು ಇಷ್ಟೇ: "ಯವ್ವಾ, ಮಂದಿ ಬೆವರಿನ ರೊಕ್ಕ ಅದು. ಎಲ್ಲಾರ ಮುಂದ ಎಣಿಸಿ ಕೊಡು."

ಮಾತಾದ ದರ ಎಷ್ಟೆಂಬುದನ್ನು ಅಂದೇ ಎಲ್ಲರಿಗೂ ಹೇಳುವುದು, ಬಂದ ರೊಕ್ಕವನ್ನು ಬದುವಿನ ಮೇಲೆ ಎಲ್ಲರ ಎದುರಿಗೆ ಎಣಿಸುವುದು, ಸಾಯಂಕಾಲ ಮನೆಗೆ ಹೋಗುವ ಮುಂಚೆ ಹಂಚಿಬಿಡುವುದು: ಈ ಪದ್ಧತಿಯನ್ನು ಇಟ್ಟುಕೊಂಡೆವು. ಬಡವನ ಕೂಲಿಯನ್ನು ಹೊತ್ತು ಮುಳುಗುವ ಮುಂಚೆ ಕೊಡಬೇಕೆಂದು ಮೋಶೆಯ ಧರ್ಮಶಾಸ್ತ್ರದಲ್ಲೇ ಕಟ್ಟಳೆ ಇದೆ. ಅದರ ಕಾರಣವನ್ನು ನಾನು ಯಾವ ಪ್ರಸಂಗದಿಂದಲೂ ತಿಳಿಯಬೇಕಾಗಿಲ್ಲ. ಅಂದಿನ ರೊಕ್ಕ ಅಂದು ಕೈಗೆ ಬಾರದಿದ್ದರೆ ರಾತ್ರಿ ಒಲೆ ಹೊತ್ತಿಸಲಾಗದ ಮನೆಗಳನ್ನು ನಾವೆಲ್ಲ ಕಂಡವರೇ. ವಾರವೆಲ್ಲ ಕೂಲಿ ಬಾಕಿ ಇಟ್ಟು ಭಾನುವಾರ ಕೈಯೆತ್ತಿ ಹಾಡುವ ವಿಶ್ವಾಸಿ ಆ ಕಟ್ಟಳೆಯನ್ನು ಮತ್ತೆ ಮತ್ತೆ ಓದಬೇಕು.

ಗುಂಪಿನಲ್ಲಿ ವಯಸ್ಸಾದವರೂ ಇರುತ್ತಾರೆ. ಬಗ್ಗಿ ನಾಟಿ ಮಾಡುವಾಗ ಅವರ ಸಾಲು ಹಿಂದೆ ಬೀಳುತ್ತದೆ. ಅವರಿಗೂ ಸಮಪಾಲು ಏಕೆ ಎಂದು ಹರೆಯದವರು ಕೇಳುವುದುಂಟು, ಆ ಕೇಳಿಕೆಯಲ್ಲಿ ನ್ಯಾಯವೂ ಇದೆ. ದ್ರಾಕ್ಷಾತೋಟದ ಯಜಮಾನ ಸಂಜೆ ಬಂದವನಿಗೂ ದಿನದ ಕೂಲಿ ಕೊಟ್ಟ ಸಾಮ್ಯವನ್ನು ಪ್ರಾರ್ಥನಾಕೂಟದಲ್ಲಿ ನಾವು ಎಷ್ಟೋ ಸಲ ಓದಿದ್ದೆವು. ಅದನ್ನು ಮಡಿಗೆ ಇಳಿಸುವುದು ಹೇಗೆಂಬುದೇ ಪ್ರಶ್ನೆ. ಕೊನೆಗೆ ವಯಸ್ಸಾದವರಿಗೆ ಸಸಿ ಕಿತ್ತು ಕಟ್ಟು ಕಟ್ಟುವ, ಕಟ್ಟುಗಳನ್ನು ಮಡಿಗೆ ಎಸೆಯುವ ಕೆಲಸ ಒಪ್ಪಿಸಿ, ಪಾಲನ್ನು ಸಮವಾಗಿಯೇ ಉಳಿಸಿಕೊಂಡೆವು. ಹರೆಯದವರಿಗೂ ಒಪ್ಪಿಗೆಯಾಯಿತು, ನಾಟಿಯೂ ಬೇಗ ಮುಗಿಯಿತು. ದೇವರ ವಾಕ್ಯಕ್ಕೆ ವಿಧೇಯರಾಗಲು ಭಕ್ತಿಯ ಜೊತೆಗೆ ಬುದ್ಧಿಯನ್ನೂ ಖರ್ಚು ಮಾಡಬೇಕೆಂದು ಆಗ ತಿಳಿಯಿತು.

ಅಕ್ಕಿಯ ಸೀಮೆಯಲ್ಲಿ ಬದುಕುವವರು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಯನ್ನು ಮರೆಯಲಾಗದು. 12ನೇ ಶತಮಾನದ ಈ ಶರಣರು ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರೆಂದು ಪ್ರತೀತಿ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಹೆಚ್ಚಾದುದನ್ನು ಇದ್ದಲ್ಲೇ ಸುರಿದು ಬರುವಂತೆ ಗಂಡನಿಗೆ ಹೇಳಿದಳು. ಅರಣ್ಯದಲ್ಲಿ ಇಸ್ರಾಯೇಲರಿಗೆ ಮನ್ನ ಸಿಕ್ಕಾಗಲೂ ಆಯಾ ದಿನಕ್ಕೆ ಬೇಕಾದಷ್ಟೇ ಕೂಡಿಸಿಕೊಳ್ಳಬೇಕೆಂಬ ಅಪ್ಪಣೆ ಇತ್ತು. ಆಸೆಪಟ್ಟು ಮಾರನೆಯ ದಿನಕ್ಕೆ ಎತ್ತಿಟ್ಟದ್ದು ಹುಳ ಬಿತ್ತು. ನಮ್ಮ ಕೂಟದ ಹೆಣ್ಣುಮಕ್ಕಳಿಗೆ ಮನ್ನದ ಕಥೆ ಹೇಳುವಾಗ ನಾನು ಲಕ್ಕಮ್ಮನನ್ನೂ ನೆನೆಯುತ್ತೇನೆ. ಪಕ್ಕದ ತಾಲ್ಲೂಕಿನ ಹೆಣ್ಣುಮಗಳೊಬ್ಬಳು ಸಾಕು ಎನ್ನುವುದನ್ನು ಅಷ್ಟು ಗಟ್ಟಿಯಾಗಿ ಹೇಳಿದ್ದಾಳೆಂದರೆ ನಮಗೂ ಧೈರ್ಯ ಬರುತ್ತದೆ. ಕೊಯ್ಲಾದ ಮೇಲೆ ನಮ್ಮ ಎರಡೆಕರೆಯಲ್ಲಿ ಹಕ್ಕಲು ಆಯಲು ಬಂದವರನ್ನು ಯಾರೂ ತಡೆಯಬಾರದೆಂಬುದು ಮನೆಯ ನಿಯಮ. ಹೊಲದ ಅಂಚನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂದು ದೇವರು ಹೇಳಿದ್ದರಿಂದಲೇ ರೂತಳಿಗೆ ಬೋವಜನ ಹೊಲದಲ್ಲಿ ಕಾಳು ಸಿಕ್ಕಿತು.

ಇನ್ನು ನೀರಿನ ವಿಷಯ. ತುಂಗಭದ್ರೆಯ ದಂಡೆಯ ಮೇಲಿದ್ದರೂ ನಮ್ಮ ಸೀಮೆಯಲ್ಲಿ ನೀರಿನ ಜಗಳ ತಪ್ಪಿದ್ದಲ್ಲ. ಮೇಲ್ಭಾಗದವರು ಪಾಳಿ ಮೀರಿ ತೂಬು ತೆರೆದರೆ ಕೊನೆಭಾಗದವರ ಮಡಿ ಬಿರಿಯುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋದಾಗ ಇಡೀ ಎಡದಂಡೆ ನಡುಗಿತು. ನಾಟಿಯ ಹೊತ್ತಿನಲ್ಲೇ ನೀರು ನದಿಗೆ ಹರಿದುಹೋಗುತ್ತಿತ್ತು. ಸಭೆಯಲ್ಲಿ ಕಣ್ಣೀರಿಟ್ಟು ಪ್ರಾರ್ಥಿಸಿದೆವು. ಒಂದು ವಾರದಲ್ಲಿ ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಿದ ಕೆಲಸಗಾರರನ್ನೂ ಎಂಜಿನಿಯರರನ್ನೂ ನೆನೆದು ದೇವರಿಗೆ ಸ್ತೋತ್ರ ಹೇಳಿದೆವು. ಆ ವಾರ ಪ್ರಾರ್ಥನೆಗಿಂತ ಕಷ್ಟದ ಕೆಲಸವೊಂದು ವಿಶ್ವಾಸಿಗಳ ಮುಂದಿತ್ತು. ನಾಳೆ ನೀರು ಇರುತ್ತದೋ ಇಲ್ಲವೋ ಎಂಬ ಹೆದರಿಕೆಯಲ್ಲೂ ಇವತ್ತಿನ ಪಾಳಿಯನ್ನು ಮೀರದೆ, ಕೆಳಗಿನವನ ಮಡಿಯನ್ನು ನೆನಪಿಟ್ಟುಕೊಳ್ಳಬೇಕಿತ್ತು. ನೀರಿಗಾಗಿ ಪ್ರಾರ್ಥಿಸಿದವರು ಬಂದ ನೀರಿನಲ್ಲಿ ನೆರೆಯವನ ಪಾಲನ್ನು ಬಿಡದಿದ್ದರೆ ಆ ಪ್ರಾರ್ಥನೆ ಅರ್ಧಕ್ಕೇ ನಿಂತಂತೆ.

ವಿಧೇಯರಾದರೆ ಬೆಳೆ ಚೆನ್ನಾಗಿ ಬರುತ್ತದೆ, ಸಾಲ ತೀರುತ್ತದೆ ಎಂದು ಬೋಧಿಸುವವರು ಈಗ ಹೆಚ್ಚಾಗಿದ್ದಾರೆ. ಈ ಬೋಧನೆ ಬಡ ವಿಶ್ವಾಸಿಯನ್ನು ಬಹಳ ನೋಯಿಸುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ನಮ್ಮಲ್ಲಿ ಎರಡನೇ ಬೆಳೆಗೆ ಕಾಲುವೆ ನೀರು ಸಿಗಲಿಲ್ಲ. ಪ್ರಾರ್ಥನೆ ತಪ್ಪಿಸದ ಕುಟುಂಬಗಳೂ ಬೆಂಗಳೂರಿಗೆ ಗುಳೆ ಹೋದವು. ನಮ್ಮ ನಂಬಿಕೆ ಕಡಿಮೆಯಾಯಿತೇನೋ ಎಂದು ಅತ್ತ ತಾಯಂದಿರ ಜೊತೆ ನಾನು ಕೂತಿದ್ದೇನೆ. ಅವರಿಗೆ ಶದ್ರಕ್, ಮೇಶಕ್, ಅಬೇದ್ನೆಗೋ ಎಂಬ ಮೂವರ ಕಥೆ ಓದಿ ಹೇಳಿದೆ. ದೇವರು ಬೆಂಕಿಯಿಂದ ಬಿಡಿಸದೆ ಹೋದರೂ ನಾವು ಬೇರೆ ದೇವರುಗಳಿಗೆ ಅಡ್ಡಬೀಳುವುದಿಲ್ಲ ಎಂದು ರಾಜನ ಎದುರಿಗೆ ಹೇಳಿದವರು ಅವರು. ಆ ನಿಲುವಿನಲ್ಲಿ ಕೊಡುಕೊಳ್ಳುವ ವ್ಯಾಪಾರ ಇರಲಿಲ್ಲ. ಗುಳೆ ಹೋದವರಲ್ಲಿ ಕೆಲವರು ಕಟ್ಟಡದ ಶೆಡ್ಡಿನಲ್ಲೇ ರಾತ್ರಿ ಮಕ್ಕಳನ್ನು ಕೂರಿಸಿಕೊಂಡು ಪ್ರಾರ್ಥನೆ ನಡೆಸಿದರು, ಅಲ್ಲಿ ಕಾಯಿಲೆ ಬಿದ್ದ ಬೇರೆ ಜಿಲ್ಲೆಯವರಿಗೆ ಗಂಜಿ ಕಾಸಿ ಕೊಟ್ಟರು. ನಂಬಿಗಸ್ತಿಕೆ ಎಂದರೆ ಅದೇ.

ಎಲ್ಲಕ್ಕಿಂತ ಕಠಿಣವಾದ ವಿಧೇಯತೆ ನಮ್ಮವರ ಜೊತೆಗಿನದು. ಕಾಣಿಕೆ ಅರ್ಪಿಸಲು ಬಂದಾಗ ಸಹೋದರನ ಮನಸ್ಸಿನಲ್ಲಿ ನೋವಿರುವುದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನವಾಗಬೇಕೆಂದು ಯೇಸು ಕಲಿಸಿದ. ಬದುವಿನ ಜಗಳದಿಂದ ತಮ್ಮನ ಜೊತೆ ಮಾತು ಬಿಟ್ಟಿದ್ದ ನನ್ನ ದೊಡ್ಡಪ್ಪ ಒಂದು ಭಾನುವಾರ ಕರ್ತನ ಭೋಜನಕ್ಕೆ ಮುಂಚೆ ಸಭೆಯಿಂದ ಎದ್ದು ತಮ್ಮನ ಮನೆಗೆ ನಡೆದರು. "ನೆಲ ಎಷ್ಟು ಹ್ವಾದ್ರೂ ಹೋಗ್ಲಿ, ನೀ ನನಗ ಬೇಕು ತಮ್ಮಾ" ಎಂದರು. ಬದುವಿನ ಅಳತೆ ಆಮೇಲೆ ಸರ್ವೇಯರು ಬಂದು ಮುಗಿಸಿದ. ಸಂಬಂಧವನ್ನು ಸರ್ವೇಯರು ಕೂಡಿಸಲಾರ, ಅದಕ್ಕೆ ಯಾರಾದರೊಬ್ಬರು ಎದ್ದು ನಡೆಯಲೇಬೇಕು. ನಮ್ಮ ಮನೆತನದ ಮಕ್ಕಳಿಗೆ ಕ್ಷಮೆಯ ಬಗ್ಗೆ ಅದಕ್ಕಿಂತ ದೊಡ್ಡ ಪ್ರಸಂಗ ಬೇಕಾಗಿಲ್ಲ.

ಹೀಗೆ ನಡೆಯುವ ಬಲ ಎಲ್ಲಿಂದ ಬರುತ್ತದೆ? ಮನೆಯ ಪ್ರಾರ್ಥನೆಯಿಂದ ಎಂದು ನನ್ನ ಅನುಭವ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ 1557ಕ್ಕೂ ಮೊದಲೇ ಯೇಸುಸಭೆಯ ಗುರುಗಳು ಕಟ್ಟಿಸಿದ ದೇವಾಲಯವಿದೆ ಎಂದು ಹಳೆಯ ಗೆಜೆಟಿಯರು ಹೇಳುತ್ತದೆ. ಆಮೇಲೆ ಈ ಸೀಮೆಯಲ್ಲಿ ಆದಿಲ್‌ಶಾಹಿ ಹೋಯಿತು, ಮೊಗಲರು ಬಂದರು, ನಿಜಾಮರ ಆಳ್ವಿಕೆ 1948ರವರೆಗೆ ನಡೆಯಿತು. ಅಲ್ಲಿಯ ಕ್ರೈಸ್ತರು ಮಾತ್ರ ಉಳಿದುಕೊಂಡರು. ಅವರನ್ನು ಉಳಿಸಿದ್ದು ಯಾವ ಅಧಿಕಾರವೂ ಅಲ್ಲ. ಹೆಸರು ಎಲ್ಲೂ ಬರೆದಿಡದ ತಾಯಿತಂದೆಯರು ದಿನವೂ ದೀಪ ಹಚ್ಚಿ ಮಕ್ಕಳಿಗೆ ಪ್ರಾರ್ಥನೆ ಕಲಿಸಿದರು. ಮೊಹರಂಗೆ ನಾಡಿನಲ್ಲೆಲ್ಲ ಹೆಸರಾದ ಆ ಊರಿನಲ್ಲಿ ಅವರು ಎಲ್ಲ ಜಾತಿಮತದವರೊಡನೆ ಕೂಡಿ ಬದುಕಿದ್ದಾರೆ. ನೆರೆಯವರ ಬಗ್ಗೆ ಹಗುರವಾಗಿ ಮಾತಾಡಿದರಷ್ಟೇ ತಾವು ಗಟ್ಟಿ ವಿಶ್ವಾಸಿಗಳು ಎಂದುಕೊಂಡವರು ಮುದಗಲ್ಲನ್ನು ನೋಡಿ ಬರಬೇಕು.

ಪ್ರಾರ್ಥನೆಯ ಜೊತೆಗೆ ಸತ್ಯವೇದದ ಓದೂ ಬೇಕು. ಹೊಳೆಯಾಚೆಯ ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಸತ್ಯವೇದ ಕನ್ನಡದಲ್ಲಿ ಸಿಕ್ಕಿತು. ಅಷ್ಟು ಕಷ್ಟಪಟ್ಟು ನಮ್ಮ ಕೈಗಿತ್ತ ಗ್ರಂಥವನ್ನು ಕಪಾಟಿನಲ್ಲಿಟ್ಟು ಪೂಜಿಸಿದರೆ ಫಲವಿಲ್ಲ. ನಮ್ಮವ್ವನಿಗೆ ಅಕ್ಷರ ಬಾರದು. ಮೊಮ್ಮಗಳಿಂದ ದಿನಕ್ಕೊಂದು ಭಾಗ ಓದಿಸಿ ಕೇಳುತ್ತಾಳೆ. ಕೇಳಿದ ಮೇಲೆ ಅವಳದ್ದು ಒಂದೇ ಪ್ರಶ್ನೆ: "ನಾಳಿಗೆ ನಾವು ಏನ್ ಮಾಡಬೇಕಂತ?" ಆ ಪ್ರಶ್ನೆ ಕೇಳದ ಬೈಬಲ್ ಓದು ಎಷ್ಟಿದ್ದರೂ ಸಾಲದು. ತಂದೆ ತೋಟಕ್ಕೆ ಹೋಗೆಂದಾಗ ಆಗಲೆಂದು ಹೇಳಿ ಹೋಗದ ಮಗ ಒಬ್ಬ, ಒಲ್ಲೆನೆಂದು ಆಮೇಲೆ ಹೋದ ಮಗ ಇನ್ನೊಬ್ಬ. ತಂದೆಯ ಚಿತ್ತವನ್ನು ನಡೆಸಿದವನು ತೋಟಕ್ಕೆ ಹೋದವನೇ.

ಇದನ್ನು ಓದುವ ವಿಶ್ವಾಸಿಗಳಲ್ಲಿ ನನ್ನ ಬಿನ್ನಹ ಇಷ್ಟು. ದೊಡ್ಡ ಹರಕೆಗಳನ್ನು ಬದಿಗಿಡಿ. ಯಾರದಾದರೂ ಕೂಲಿ ಬಾಕಿಯಿದ್ದರೆ ಇವತ್ತೇ ಮುಟ್ಟಿಸಿ. ನಿಮ್ಮ ಪಾಳಿ ಮುಗಿದರೆ ತೂಬು ಮುಚ್ಚಿ. ಮಾತು ಬಿಟ್ಟ ಅಣ್ಣತಮ್ಮಂದಿರ, ಅಕ್ಕತಂಗಿಯರ ಮನೆಗೆ ಮೊದಲು ನೀವೇ ಹೋಗಿ. ರಾತ್ರಿ ಮಕ್ಕಳನ್ನು ಕೂರಿಸಿಕೊಂಡು ಸತ್ಯವೇದದ ಒಂದು ಭಾಗ ಓದಿ, ನಾಳೆ ಏನು ಮಾಡಬೇಕೆಂದು ಎಲ್ಲರೂ ಕೂಡಿ ಮಾತಾಡಿ. ಮಾರನೆಯ ದಿನ ಅದನ್ನು ಮಾಡಿ.