ಬೆಲೆ ಇಳಿಯಿತು, ಸಾಲ ಇಳಿಯಲಿಲ್ಲ: 1865ರ ಹತ್ತಿ ಕುಸಿತದಿಂದ ಒಂದು ಪಾಠ

ಪೀಠಿಕೆ

ಆರ್ಥಿಕ ಬಿಕ್ಕಟ್ಟು ಎರಗುವುದು ಒಂದೇ ದಿನದಲ್ಲಿ. ಅದರಿಂದ ಎದ್ದು ನಿಲ್ಲಲು ಕೆಲವೊಮ್ಮೆ ಒಂದು ತಲೆಮಾರೇ ಬೇಕಾಗುತ್ತದೆ. ಬಿಕ್ಕಟ್ಟಿನ ಮರುದಿನವೂ ಹೊಲ ಇದ್ದಲ್ಲಿಯೇ ಇರುತ್ತದೆ, ಎತ್ತುಗಳಿರುತ್ತವೆ, ದುಡಿಯುವ ಕೈಗಳಿರುತ್ತವೆ. ಹಾಗಿದ್ದೂ ಬದುಕು ಮೊದಲಿನ ಸ್ಥಿತಿಗೆ ಏಕೆ ಮರಳುವುದಿಲ್ಲ? ಅರ್ಥಶಾಸ್ತ್ರದ ಈ ಪ್ರಶ್ನೆಗೆ ದಖ್ಖನಿನ ಚರಿತ್ರೆಯಲ್ಲಿಯೇ ಸ್ಪಷ್ಟವಾದ ಉತ್ತರವೊಂದಿದೆ.

ಸಾಲ, ಸಾವಕಾರ, ಜಪ್ತಿ ಇವು ಕನ್ನಡ ಮತ್ತು ಮರಾಠಿ ಕಥನಸಾಹಿತ್ಯದ ಪರಿಚಿತ ವಸ್ತುಗಳು. ಅವುಗಳನ್ನು ಕೇವಲ ಕ್ರೂರ ಸಾವಕಾರ ಮತ್ತು ಮುಗ್ಧ ರೈತರ ಕಥೆಯೆಂದು ಓದಿದರೆ ಅರ್ಥ ಅರ್ಧಕ್ಕೆ ನಿಲ್ಲುತ್ತದೆ. ಸೊಲ್ಲಾಪುರ, ಧಾರವಾಡ, ಮುಂಬಯಿಗಳನ್ನು ಹಣದ ಒಂದೇ ಸರಪಳಿ ಹೇಗೆ ಬಿಗಿದಿತ್ತೆಂಬುದನ್ನು ಅರಿತಾಗ ಆ ಕಥೆಗಳ ಹಿನ್ನೆಲೆ ತೆರೆದುಕೊಳ್ಳುತ್ತದೆ.

ಏರಿಕೆ

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಯಿತು. ಅದುವರೆಗೆ ಬ್ರಿಟನ್ನಿಗೆ ಬರುತ್ತಿದ್ದ ಕಚ್ಚಾ ಹತ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಅಮೆರಿಕದ್ದಾಗಿತ್ತು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದೊಡನೆ ಲ್ಯಾಂಕಾಶೈರಿನ ಗಿರಣಿಗಳು ಭಾರತದತ್ತ ತಿರುಗಿದವು; ಹತ್ತಿಯ ಬೆಲೆ ಹಲವು ಪಟ್ಟು ಏರಿತು. ಧಾರವಾಡ ಸೀಮೆಯಲ್ಲಿ 1840ರ ದಶಕದಿಂದಲೇ ಅಮೆರಿಕದ ಬೀಜದ ಹತ್ತಿ ಬೇರೂರಿತ್ತು. ಅದು ‘ಧಾರವಾಡ-ಅಮೆರಿಕನ್’ ಎಂಬ ಹೆಸರಿನಿಂದ ಪೇಟೆಯಲ್ಲಿ ಪ್ರಸಿದ್ಧವಾಗಿತ್ತು. ಆ ಸೀಮೆಯ ಹತ್ತಿ ಘಟ್ಟವಿಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತು. ಮುಂಬಯಿಯಿಂದ ಹೊರಟ ರೈಲುದಾರಿ 1860ರಲ್ಲಿ ಸೊಲ್ಲಾಪುರವನ್ನು ತಲುಪಿತ್ತು.

ಹತ್ತಿ ಕೆಳಗಿನಿಂದ ಮೇಲಕ್ಕೆ ಹರಿಯಿತು. ಹಣ ಮೇಲಿನಿಂದ ಕೆಳಕ್ಕೆ ಹರಿಯಿತು. ಮುಂಬಯಿಯ ರಫ್ತುದಾರರು ಪೇಟೆಯ ಸಾವಕಾರರಿಗೆ, ಅವರು ಹಳ್ಳಿಯ ಸಾವಕಾರರಿಗೆ, ಇವರು ರೈತರಿಗೆ ಮುಂಗಡ ಕೊಟ್ಟರು. ಹತ್ತಿ ಬಿತ್ತಿದ ಎಕರೆಗೆ 100 ರೂಪಾಯಿಯವರೆಗೂ ಮುಂಗಡ ದೊರೆಯುತ್ತಿತ್ತು. ಇದೇ ಕಾಲದಲ್ಲಿ ರೈಲು ಕಾಮಗಾರಿಗಳಿಂದ ಕೂಲಿಯೂ ಏರಿತು. ಹತ್ತಿ ಬೆಳೆಯದ ಊರುಗಳಲ್ಲಿಯೂ ಸಾಲ ಸುಲಭವಾಯಿತು.

ಮುಂಬಯಿಯಲ್ಲಿ ಈ ಹಣ ಸಟ್ಟಾ ಆಯಿತು. ಹೊಸ ಬ್ಯಾಂಕುಗಳು, ಹೊಸ ಕಂಪನಿಗಳು, ಕಡಲನ್ನು ತುಂಬಿ ನೆಲ ಮಾಡುವ ಯೋಜನೆಗಳು ಹುಟ್ಟಿಕೊಂಡವು. ಬ್ಯಾಕ್ ಬೇ ಕಂಪನಿಯ 5,000 ರೂಪಾಯಿಯ ಶೇರು ಸುಮಾರು 50,000ದವರೆಗೆ ಏರಿತು. ಪ್ರೇಮಚಂದ ರಾಯಚಂದರ ಮಾತೊಂದರ ಮೇಲೆ ಶೇರುಗಳು ಕೈಬದಲಾಗುತ್ತಿದ್ದ ಕಾಲವದು.

ಕುಸಿತ

1865ರ ಏಪ್ರಿಲ್ 9ರಂದು ದಕ್ಷಿಣದ ಸೇನಾಪತಿ ಲೀ ಶರಣಾದನು. ಅಮೆರಿಕದ ಹತ್ತಿ ಮರಳಿ ಬರುವುದೆಂಬ ಸುದ್ದಿಯೇ ಬೆಲೆಯನ್ನು ಉರುಳಿಸಿತು. ಮುಂಬಯಿಯಲ್ಲಿ ಶೇರುಗಳ ವಾಯಿದೆ ವ್ಯವಹಾರಗಳು ಜುಲೈ 1ಕ್ಕೆ ಇತ್ಯರ್ಥವಾಗಬೇಕಾಗಿತ್ತು. ಆ ದಿನ ಕೊಡಬೇಕಾದವರ ಬಳಿ ಹಣವಿರಲಿಲ್ಲ. ಒಂದು ಪೇಢಿ ಬಿದ್ದೊಡನೆ ಅದಕ್ಕೆ ಆತುಕೊಂಡಿದ್ದ ಇನ್ನೊಂದು ಬಿದ್ದಿತು. ಶೇರುಗಳ ಭದ್ರತೆಯ ಮೇಲೆ ಧಾರಾಳವಾಗಿ ಸಾಲ ನೀಡಿದ್ದ ಬ್ಯಾಂಕ್ ಆಫ್ ಬಾಂಬೆ ಕುಂಟುತ್ತ ನಡೆದು 1868ರಲ್ಲಿ ಮುಚ್ಚಿತು. ಅದರ ಸ್ಥಾನದಲ್ಲಿ ಹೊಸ ಬ್ಯಾಂಕು ಸ್ಥಾಪನೆಯಾಯಿತು.

ಮುಂಬಯಿ ನಗರ ಕ್ರಮೇಣ ಎದ್ದಿತು. ದಿವಾಳಿಯೆದ್ದವರ ಲೆಕ್ಕಗಳನ್ನು ಅಲ್ಲಿ ನ್ಯಾಯಾಲಯಗಳು ಮುಗಿಸಿದವು. ನಷ್ಟ ಎಷ್ಟು, ಯಾರದು ಎಂಬುದು ನಿಶ್ಚಯವಾಯಿತು. ಉಳಿದ ಬಂಡವಾಳ ಮುಂದೆ ಬಟ್ಟೆಯ ಗಿರಣಿಗಳತ್ತ ಹರಿಯಿತು. 1870ರ ದಶಕದಲ್ಲಿ ಸೊಲ್ಲಾಪುರದಲ್ಲಿ ಎದ್ದ ಮೊದಲ ನೂಲಿನ ಗಿರಣಿಯ ಹಿಂದೆಯೂ ಮುಂಬಯಿಯ ಬಂಡವಾಳವಿತ್ತು. ಆದರೆ ಹಳ್ಳಿ ಏಳಲಿಲ್ಲ. ಇದಕ್ಕೆ ನಾಲ್ಕು ಕಾರಣಗಳನ್ನು ಗುರುತಿಸಬಹುದು.

ಚೇತರಿಕೆ ಏಕೆ ಬರಲಿಲ್ಲ?

ಒಂದು: ಬೆಲೆ ಇಳಿಯಿತು, ಸಾಲ ಇಳಿಯಲಿಲ್ಲ. ಸಾಲವನ್ನು ಬರೆಯುವುದು ರೂಪಾಯಿಯಲ್ಲಿ, ತೀರಿಸುವುದು ಬೆಳೆಯಿಂದ. ತಿಳಿಯುವ ಸಲುವಾಗಿ ಒಂದು ಲೆಕ್ಕ: ಮಣಕ್ಕೆ 20 ರೂಪಾಯಿ ಇದ್ದಾಗ ಮಾಡಿದ 100 ರೂಪಾಯಿ ಸಾಲಕ್ಕೆ ಐದು ಮಣ ಹತ್ತಿ ಸಾಕು. ಬೆಲೆ 10ಕ್ಕೆ ಇಳಿದರೆ ಅದೇ ಸಾಲಕ್ಕೆ ಹತ್ತು ಮಣ ಬೇಕು. ರೈತ ಹೊಸ ಸಾಲ ಮಾಡಿಲ್ಲ, ದುಡಿಮೆಯಲ್ಲಿ ಆಲಸ್ಯ ತೋರಿಲ್ಲ. ಆದರೂ ಅವನ ಸಾಲ ಇಮ್ಮಡಿಯಾಯಿತು. ಹೀಗೆ ಸಿಕ್ಕಿಕೊಂಡವರೆಲ್ಲರೂ ಒಮ್ಮೆಲೇ ಬೆಳೆ ಮಾರಲು ಬಂದಾಗ ಬೆಲೆ ಇನ್ನೂ ಇಳಿಯುತ್ತದೆ. 1933ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಇರ್ವಿಂಗ್ ಫಿಶರ್ ಈ ವಿಷಚಕ್ರವನ್ನು ಸಿದ್ಧಾಂತವಾಗಿ ವಿವರಿಸಿದರು: ಸಾಲಗಾರರು ತೀರಿಸಲು ಹೆಣಗಿದಷ್ಟೂ ಸಾಲದ ನಿಜವಾದ ಭಾರ ಹೆಚ್ಚುತ್ತದೆ.

ಎರಡು: ಎಲ್ಲರೂ ಒಮ್ಮೆಲೇ ಕೈ ಬಿಗಿಹಿಡಿದರು. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ಒಂದು ಮನೆಗೆ ಹಿತವಚನ. ಇಡೀ ಸೀಮೆ ಒಂದೇ ವರ್ಷ ಅದನ್ನು ಪಾಲಿಸಿದರೆ ಹಾಸಿಗೆಯೇ ಗಿಡ್ಡವಾಗುತ್ತದೆ. ರೈತ ಸೀರೆ ಕೊಳ್ಳದಿದ್ದರೆ ನೇಕಾರನಿಗೆ ಆದಾಯವಿಲ್ಲ. ನೇಕಾರನಿಗೆ ಆದಾಯವಿಲ್ಲದಿದ್ದರೆ ರೈತನ ಜೋಳಕ್ಕೆ ಗಿರಾಕಿಯಿಲ್ಲ. ಒಬ್ಬರ ಖರ್ಚು ಇನ್ನೊಬ್ಬರ ಗಳಿಕೆ ಎಂಬ ಸರಳ ಸತ್ಯ ಇಲ್ಲಿ ಮರೆಯಾಗುತ್ತದೆ. ಹಳ್ಳಿಯ ಸಾವಕಾರನಿಗೂ ಮೇಲಿನಿಂದ ಹಣ ಬರುವುದು ನಿಂತಿತ್ತು. ಅವನೂ ಕೊಡುವುದನ್ನು ಬಿಟ್ಟು ವಸೂಲಿಗೆ ತೊಡಗಿದನು.

ಮೂರು: ತೀರದ ಸಾಲವನ್ನು ಕಾಗದದ ಮೇಲೆ ಜೀವಂತವಾಗಿಟ್ಟರು. 1859ರ ಕಾಲಮಿತಿ ಕಾಯಿದೆಯ ಪ್ರಕಾರ ಸಾಲಪತ್ರಕ್ಕೆ ಮೂರು ವರ್ಷಗಳ ಆಯುಸ್ಸು. ಬಡ್ಡಿ ಬೆಳೆಯದಂತೆ ತಡೆಯುವುದು ಅದರ ಉದ್ದೇಶ. ನಡೆದದ್ದು ವಿಪರೀತ. ಮೂರು ವರ್ಷ ತುಂಬುವ ಮೊದಲು ಸಾವಕಾರನು ರೈತನಿಂದ ಹೊಸ ಪತ್ರ ಬರೆಸಿಕೊಳ್ಳುತ್ತಿದ್ದನು. ಅಸಲು, ಬಡ್ಡಿ ಕೂಡಿ ಹೊಸ ಅಸಲಾಗುತ್ತಿತ್ತು. ಅದರ ಮೇಲೆ ಮತ್ತೆ ಬಡ್ಡಿ. ಓದಲು ಬಾರದ ರೈತ ಹೆಬ್ಬೆಟ್ಟು ಒತ್ತುತ್ತಿದ್ದನು. ನಷ್ಟವಾಗಿದೆ ಎಂದು ಯಾರೂ ಒಪ್ಪಲಿಲ್ಲ. ಸಾವಕಾರನ ವಹಿಯಲ್ಲಿ ಆಸ್ತಿ ಬೆಳೆಯಿತು, ಹೊಲದಲ್ಲಿ ಬೆಳೆ ಬೆಳೆಯಲಿಲ್ಲ. ತಾನು ಬೆಳೆದದ್ದೆಲ್ಲವೂ ಹಳೆಯ ಸಾಲಕ್ಕೆ ಹೋಗುವುದೆಂದು ತಿಳಿದವನು ಬಾವಿ ತೋಡುವುದೇಕೆ, ಎತ್ತು ಕೊಳ್ಳುವುದೇಕೆ?

ನಾಲ್ಕು: ಸರಕಾರ ಅವೇಳೆಯಲ್ಲಿ ಕಂದಾಯ ಏರಿಸಿತು. ದಖ್ಖನಿನಲ್ಲಿ ಮೂವತ್ತು ವರ್ಷಗಳಿಗೊಮ್ಮೆ ಕಂದಾಯದ ಮರುನಿಗದಿ ನಡೆಯುತ್ತಿತ್ತು. ಇಂದಾಪುರ ತಾಲೂಕಿನ ಸರದಿ 1867ರಲ್ಲಿ ಬಂದಿತು. ಏರಿಕೆಯ ವರ್ಷಗಳ ಬೆಲೆಗಳು ಅಧಿಕಾರಿಗಳ ಕಣ್ಣ ಮುಂದಿದ್ದವು. ಕಂದಾಯ ಅನೇಕ ಕಡೆ ಶೇ. 50ಕ್ಕೂ ಮಿಕ್ಕಿ ಏರಿತು. ಸಂತೆ ಮುಗಿದ ಮೇಲೆ ಸಂತೆಯ ಸುಂಕ ಕೇಳಿದಂತಾಯಿತು.

ಪರಿಣಾಮ ಮತ್ತು ಪರಿಹಾರ

1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಊರಿನ ಸಂತೆಯಲ್ಲಿ ರೈತರು ಸಾವಕಾರರ ಮೇಲೆ ತಿರುಗಿಬಿದ್ದರು. ದಂಗೆ ಅಹಮದನಗರ ಜಿಲ್ಲೆಗೂ ಹಬ್ಬಿತು. ಅವರ ಮುಖ್ಯ ಗುರಿ ಸಾವಕಾರರ ಪ್ರಾಣವಲ್ಲ, ಸಾಲಪತ್ರಗಳು. ವಹಿಗಳನ್ನು, ಪತ್ರಗಳನ್ನು ಕಸಿದು ಸುಟ್ಟರು. ತಮ್ಮನ್ನು ಕಟ್ಟಿಹಾಕಿದ್ದು ಕಾಗದವೆಂಬುದು ಅವರಿಗೆ ತಿಳಿದಿತ್ತು. ದಂಗೆಯ ಹಳ್ಳಿಗಳೆಲ್ಲ ಹತ್ತಿಯ ಹಳ್ಳಿಗಳಲ್ಲ. ಅದರ ವ್ಯಾಪ್ತಿಯನ್ನು ಹಿಗ್ಗಿಸಿ ಹೇಳಲಾಗಿದೆ ಎಂದು ಇತಿಹಾಸಕಾರ ನೀಲ್ ಚಾರ್ಲ್ಸ್‌ವರ್ತ್ ವಾದಿಸಿದ್ದಾರೆ. ಈ ಎಚ್ಚರಿಕೆ ಅಗತ್ಯ. ಆದರೂ ಸುಲಭ ಸಾಲದ ಕಾಲ ಮುಗಿದು ವಸೂಲಿಯ ಕಾಲ ಬಂದದ್ದು ಇಡೀ ಸೀಮೆಯ ಅನುಭವವಾಗಿತ್ತು. ಮರುವರ್ಷವೇ 1876-78ರ ಮಹಾಕ್ಷಾಮ ಬಂದಿತು. ಸೊಲ್ಲಾಪುರ, ಕಲಾದಗಿ, ಧಾರವಾಡ, ಬಳ್ಳಾರಿ ಸೀಮೆಗಳು ಬೆಂದವು. ಮಳೆ ಕೈಕೊಟ್ಟದ್ದು ಸಾಲದಿಂದಲ್ಲ. ಆದರೆ ಸಾಲದಲ್ಲಿ ಬರಿದಾದ ಮನೆಗೆ ಕಾಳು ಕೊಳ್ಳುವ ಶಕ್ತಿ ಉಳಿದಿರಲಿಲ್ಲ.

ಕುಸಿತವಾಗಿ ಹದಿನಾಲ್ಕು ವರ್ಷಗಳ ನಂತರ, 1879ರಲ್ಲಿ, ದಖ್ಖನ್ ಕೃಷಿಕರ ಪರಿಹಾರ ಕಾಯಿದೆ ಬಂದಿತು. ಪುಣೆ, ಅಹಮದನಗರ, ಸಾತಾರಾ ಜಿಲ್ಲೆಗಳೊಡನೆ ಸೊಲ್ಲಾಪುರಕ್ಕೂ ಅದು ಅನ್ವಯಿಸಿತು. ನ್ಯಾಯಾಧೀಶರು ಪತ್ರದಲ್ಲಿ ಬರೆದ ಮೊತ್ತವನ್ನಷ್ಟೇ ನೋಡದೆ, ಆ ಸಾಲ ಹುಟ್ಟಿದ ಬಗೆಯನ್ನು ಮೊದಲಿನಿಂದ ಶೋಧಿಸುವ ಅಧಿಕಾರ ಪಡೆದರು. ಸಾಲಕ್ಕಾಗಿ ರೈತನನ್ನು ಸೆರೆಗೆ ಹಾಕುವುದು ನಿಂತಿತು. ಕಾಯಿದೆಗೆ ಮಿತಿಗಳಿದ್ದವು: ಸಾವಕಾರರು ಅಡವಿನ ಬದಲು ಮಾರಾಟಪತ್ರವನ್ನೇ ಬರೆಸಿಕೊಳ್ಳತೊಡಗಿದರು. ಹಳೆಯ ಸಾಲವನ್ನು ತಗ್ಗಿಸಿದರೆ ಸಾಲದು, ಹೊಸ ಸಾಲಕ್ಕೆ ನ್ಯಾಯವಾದ ದಾರಿಯೂ ಬೇಕು. ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದದ್ದು 1904ರಲ್ಲಿ.

ಇದೇ ತಪ್ಪು ಬೇರೆಡೆ

ಇದು ಹಳೆಯ ದಖ್ಖನಿನ ಕಥೆ ಮಾತ್ರವಲ್ಲ. 1989ರ ಕೊನೆಯಲ್ಲಿ ಜಪಾನಿನ ಶೇರುಪೇಟೆ ಶಿಖರ ಮುಟ್ಟಿ ಉರುಳಿತು. ಆ ಎತ್ತರವನ್ನು ಮತ್ತೆ ದಾಟಿದ್ದು 2024ರಲ್ಲಿ. ಅಲ್ಲಿಯ ಬ್ಯಾಂಕುಗಳು ನಷ್ಟವನ್ನು ಒಪ್ಪಿಕೊಳ್ಳುವ ಬದಲು, ತೀರಿಸಲಾರದ ಕಂಪನಿಗಳಿಗೆ ಸಾಲವನ್ನು ನವೀಕರಿಸುತ್ತ ಹೋದವು. ಮೂರು ವರ್ಷಕ್ಕೊಮ್ಮೆ ಪತ್ರ ಬದಲಿಸಿದ ಸಾವಕಾರನ ಕ್ರಮಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಅಮೆರಿಕದಲ್ಲಿ 1933ರ ನಂತರ ಚೇತರಿಕೆ ಆರಂಭವಾಗಿತ್ತು. 1937ರಲ್ಲಿ ಸರಕಾರ ಖರ್ಚು ಬಿಗಿಹಿಡಿದು, ತೆರಿಗೆ ಏರಿಸಿ, ಬ್ಯಾಂಕುಗಳ ಮೀಸಲು ನಿಧಿಯನ್ನೂ ಹೆಚ್ಚಿಸಿದಾಗ ಆರ್ಥಿಕತೆ ಮತ್ತೆ ಕುಸಿಯಿತು. ಇಂದಾಪುರದ ಕಂದಾಯದ ತಪ್ಪಿಗೆ ಇದು ಹತ್ತಿರದ್ದು.

ಪದವಿಚಾರ

ಬಡ್ಡಿ: ಸಂಸ್ಕೃತ ‘ವೃದ್ಧಿ’ಯ ತದ್ಭವ, ವಕಾರ ಬಕಾರವಾದದ್ದನ್ನು ಗಮನಿಸಬೇಕು. ಪದದ ಅರ್ಥವೇ ಬೆಳವಣಿಗೆ. ಬೆಳೆಯ ವೃದ್ಧಿಗಿಂತ ಬಡ್ಡಿಯ ವೃದ್ಧಿ ಹೆಚ್ಚಾದಾಗ ಬಿಕ್ಕಟ್ಟು.

ದಿವಾಳಿ: ಮರಾಠಿಯ ‘ದಿವಾಳೆ’. ವ್ಯವಹಾರ ಮುರಿದ ವ್ಯಾಪಾರಿ ಹಾಡಹಗಲೇ ಅಂಗಡಿಯಲ್ಲಿ ದೀಪ ಹಚ್ಚಿಡುತ್ತಿದ್ದನೆಂಬ ರೂಢಿಯಿಂದ ಈ ಪದ ಬಂತೆಂದು ಹೇಳುವುದುಂಟು.

ದಾಮದುಪ್ಪಟ್ಟು: ಬಾಕಿ ಬಡ್ಡಿ ಅಸಲನ್ನು ಮೀರಬಾರದೆಂಬ ಹಳೆಯ ಧರ್ಮಶಾಸ್ತ್ರದ ಕಟ್ಟಳೆ, ಮರಾಠಿಯಲ್ಲಿ ‘ದಾಮದುಪ್ಪಟ’. ಹೊಸ ಪತ್ರದಲ್ಲಿ ಬಡ್ಡಿಯನ್ನೇ ಅಸಲೆಂದು ಬರೆದಾಗ ಈ ಕಟ್ಟಳೆ ಬಲ ಕಳೆದುಕೊಂಡಿತು.

ಉಪಸಂಹಾರ

ಬಿಕ್ಕಟ್ಟಿನಲ್ಲಿ ನಷ್ಟ ಆಗಿಯೇ ಹೋಗಿರುತ್ತದೆ. ಅದನ್ನು ಯಾರು ಎಷ್ಟು ಹೊರಬೇಕೆಂಬುದಷ್ಟೇ ಉಳಿಯುವ ಪ್ರಶ್ನೆ. ಆ ಪ್ರಶ್ನೆಯನ್ನು ಬೇಗ ಎತ್ತಿ ನ್ಯಾಯವಾಗಿ ಬಿಡಿಸಿದ ಸಮಾಜ ಏಳುತ್ತದೆ. ಮುಂದೂಡಿದಲ್ಲಿ ನಷ್ಟವು ಮೇಲಿನಿಂದ ಕೆಳಕ್ಕೆ ಇಳಿಯುತ್ತ, ಕೊನೆಗೆ ಅದನ್ನು ಯಾರಿಗೂ ದಾಟಿಸಲಾರದವನ ಹೆಗಲ ಮೇಲೆ ನಿಲ್ಲುತ್ತದೆ. 1865ರಲ್ಲಿ ಆ ಹೆಗಲು ದಖ್ಖನಿನ ರೈತನದಾಗಿತ್ತು.

ಅಭ್ಯಾಸ

1. ಮುಂಬಯಿ ಚೇತರಿಸಿಕೊಂಡರೂ ಹಳ್ಳಿಗಳು ಚೇತರಿಸಿಕೊಳ್ಳಲಿಲ್ಲ. ಕಾರಣಗಳನ್ನು ವಿವರಿಸಿರಿ.
2. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯ ವ್ಯಾಪ್ತಿ ಮತ್ತು ಮಿತಿಗಳನ್ನು ಚರ್ಚಿಸಿರಿ.
3. ನಿಮ್ಮ ಊರಿನ ಹಿರಿಯರಿಂದ ಸಾಲ-ವ್ಯವಹಾರದ ಹತ್ತು ಪದಗಳನ್ನು ಸಂಗ್ರಹಿಸಿ, ಕನ್ನಡ ಮತ್ತು ಮರಾಠಿಗಳಲ್ಲಿ ಅವುಗಳ ರೂಪವನ್ನು ಹೋಲಿಸಿರಿ.