ಅವ್ವನ ಗುಳಿಗಿ ಚೀಟಿ

ನಮ್ಮ ಕಾರಟಗಿಯಲ್ಲಿ ಮನೆಯ ಲೆಕ್ಕವೆಲ್ಲ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಮೇಲೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋಯಿತು. ಹೊಸ ಗೇಟ್ ಕೂರಿಸಲೆಂದು ಮರುವರ್ಷ ಎರಡನೇ ಬೆಳೆಗೆ ನೀರು ನಿಂತಿತು. ಆ ಬೆಳೆಯ ಆದಾಯ ತಪ್ಪಿದಾಗಲೇ ನಾನು ಅವ್ವನ ಔಷಧದ ಬಿಲ್ಲುಗಳನ್ನು ಹರವಿಕೊಂಡು ಕೂತದ್ದು.

ಬಿ.ಪಿ., ಸಕ್ಕರೆ ಎರಡಕ್ಕೂ ಸೇರಿ ತಿಂಗಳಿಗೆ 1,400 ರೂಪಾಯಿ. ಐದು ವರ್ಷಕ್ಕೆ 84,000. ಒಮ್ಮೆಯೂ ಏನು, ಎತ್ತ ಎಂದು ಕೇಳಿರಲಿಲ್ಲ.

ಚೀಟಿ ಹಿಡಿದು ಹತ್ತಿರದ ಒಂದು ಸರ್ಕಾರಿ ದವಾಖಾನೆಗೆ ಹೋದೆ. ದುಬಾರಿ ಗುಳಿಗೆಯೊಂದನ್ನು ತೋರಿಸಿ ವೈದ್ಯರು ಹೇಳಿದರು: ಇದು ಟೆಲ್ಮಿಸಾರ್ಟನ್, ಆಮ್ಲೋಡಿಪಿನ್ ಎರಡೂ ಕೂಡಿದ ಗುಳಿಗೆ, ಬೇರೆಬೇರೆಯಾಗಿ ನಮ್ಮಲ್ಲೇ ಪುಕ್ಕಟೆ ಸಿಗುತ್ತವೆ. ಸಕ್ಕರೆಯ ಮೆಟ್‌ಫಾರ್ಮಿನ್ ಕೂಡ. ಅಗತ್ಯ ಔಷಧಗಳ ಪಟ್ಟಿಯಲ್ಲಿರುವುದಕ್ಕೆ ಕೇಂದ್ರ ಸರ್ಕಾರ ಗರಿಷ್ಠ ಬೆಲೆ ಕಟ್ಟುತ್ತದೆ. ಪಟ್ಟಿಯ ಹೊರಗಿನದಕ್ಕೆ ಕಂಪನಿ ವರ್ಷಕ್ಕೆ ಶೇ 10ರವರೆಗೆ ಬೆಲೆ ಏರಿಸಬಹುದು. ಈ ವ್ಯತ್ಯಾಸ ಗೊತ್ತಿಲ್ಲದ ನಮ್ಮಂಥವರ ಜೇಬಿನಿಂದಲೇ ಆ ಹೆಚ್ಚಿನ ದುಡ್ಡು ಹೋಗುವುದು.

ಅವ್ವ ಒಪ್ಪಲಿಲ್ಲ. ‘ಪುಕ್ಕಟೆ ಗುಳಿಗಿಗೆ ಜಡ್ಡು ಬಗ್ಗತೈತೇನೋ ತಮ್ಮಾ?’ ಗುಳಿಗೆ ಸ್ಟ್ರಿಪ್ಪಿನ ಮೇಲಿನ ‘ಮಾರಾಟಕ್ಕಿಲ್ಲ’ ಎಂಬ ಅಚ್ಚು ನೋಡಿಯೇ ಅವಳಿಗೆ ಅನುಮಾನ. ಹೇಗೋ ಒಪ್ಪಿಸಿ ಅವನ್ನೇ ಕೊಟ್ಟು, ಮೂರು ತಿಂಗಳ ಮೇಲೆ ಬಿ.ಪಿ., ಸಕ್ಕರೆ ನೋಡಿಸಿದೆವು. ಎರಡೂ ಮೊದಲಿನಷ್ಟೇ ಹಿಡಿತದಲ್ಲಿದ್ದವು. ಆಮೇಲೆ ಅವಳೇ ಓಣಿಯವರಿಗೆ ಹೇಳತೊಡಗಿದಳು.

ಆದರೆ ಎಲ್ಲ ತಿಂಗಳೂ ಒಂದೇ ತರಹ ಇರಲಿಲ್ಲ. ಎರಡು ಸಲ ‘ಸ್ಟಾಕ್ ಇಲ್ಲ, ಹೊರಗೆ ತಗೋರಿ’ ಎಂದರು. ಕೈಯಲ್ಲಿ ದುಡ್ಡಿದ್ದುದರಿಂದ, ಬ್ರ್ಯಾಂಡ್ ಹೆಸರಿಲ್ಲದ ಔಷಧ ಮಾರುವ ಜನೌಷಧಿ ಅಂಗಡಿಗೆ ಹೋದೆ. ಮೂಲ ಔಷಧದ ಹೆಸರು ಹೇಳಿದ್ದಕ್ಕೆ ಕಡಿಮೆ ದರದಲ್ಲಿ ಸಿಕ್ಕಿತು. ದವಾಖಾನೆಯ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಹೆಣ್ಣುಮಗಳು ದುಡ್ಡಿಲ್ಲದೆ ಬರಿಗೈಯಲ್ಲಿ ಮನೆಗೆ ಹೋದಳು. ಬಿ.ಪಿ. ಗುಳಿಗೆ ನಡುವೆ ತಪ್ಪಿದರೆ ಪಾರ್ಶ್ವವಾಯುವಿನ ಭಯ. ಆ ಖರ್ಚನ್ನು ಯಾವ ಕೂಲಿಯೂ ತುಂಬಲಾರದು.

2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ, ಒಳಗೆ ಔಷಧ ಉಚಿತವಾಗಿರುವಾಗ ಬೇರೆ ಅಂಗಡಿ ಏಕೆ ಎಂದು ಸರ್ಕಾರಿ ಆಸ್ಪತ್ರೆ ಆವರಣದ ಜನೌಷಧಿ ಕೇಂದ್ರಗಳನ್ನು ಮುಚ್ಚಲು ಆದೇಶಿಸಿತು. ವಿಷಯ ಹೈಕೋರ್ಟಿಗೂ ಹೋಯಿತು. ಉಚಿತ ಎಂಬ ಮಾತು ವರ್ಷದ ಹನ್ನೆರಡು ತಿಂಗಳೂ ನಿಜವಾಗುವವರೆಗೆ ಆ ಅಂಗಡಿ ಇರಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ನಿಮ್ಮ ಮನೆಯ ಚೀಟಿಯನ್ನೂ ಒಮ್ಮೆ ಸರ್ಕಾರಿ ವೈದ್ಯರಿಗೆ ತೋರಿಸಿ, ಮೂಲ ಔಷಧದ ಹೆಸರು ಬರೆಸಿಕೊಳ್ಳಿ. ಅವರು ಹೇಳದೆ ಗುಳಿಗೆ ಬದಲಿಸಬೇಡಿ, ಬಿಡಲೂಬೇಡಿ. ಸ್ಟಾಕ್ ಇಲ್ಲದಾಗ ಹೊರಗೆ ಕೊಂಡದ್ದೂ ಸೇರಿ ನಮ್ಮ ಮನೆಯ ಔಷಧದ ಖರ್ಚು ಈಗ ಸರಾಸರಿ ತಿಂಗಳಿಗೆ 180 ರೂಪಾಯಿ.